ಹಿಟ್ಟಿನ ಕಾರು ಕೊಟ್ಟ ದಿನ

ನಮ್ಮೂರಲ್ಲಿ ಯಾರಿಗಾದರೂ ಏನನ್ನಾದರೂ ಕೊಡುವ ಮೊದಲು ಕಿಟಕಿ ಹಾಕಿಕೊಳ್ಳುತ್ತೇವೆ. ಪೂರ್ಣ ಮನಸ್ಸಿನಿಂದ ಕೊಟ್ಟ ವಸ್ತು ಹಗುರಾಗಿ ಮೇಲೇಳುತ್ತದೆ. ಕಿಟಕಿ ತೆರೆದಿತ್ತೋ, ಪಡೆದವರು ಬೀದಿಯುದ್ದಕ್ಕೂ ಅದರ ಹಿಂದೆ ಓಡಬೇಕು. ಒಲ್ಲದ ಮನಸ್ಸಿನಿಂದ ಕೊಟ್ಟದ್ದು ಅಷ್ಟೇ ಭಾರವಾಗಿ ನೆಲ ಕಚ್ಚುತ್ತದೆ. ಮದುವೆ ಛತ್ರದಲ್ಲಿ ಸೂರಿನಡಿ ಮೀನಿನ ಬಲೆ ಕಟ್ಟಿರುತ್ತಾರೆ. ಮುಯ್ಯಿ ಬಂದ ತಟ್ಟೆ, ಲೋಟ, ಗೋಡೆ ಗಡಿಯಾರಗಳೆಲ್ಲ ಆ ಬಲೆಗೆ ತಾಗಿಕೊಂಡು ಗಲಗಲ ಅನ್ನುತ್ತಿದ್ದರೆ, ಹುಡುಗಿಯ ಸೋದರಮಾವ ಕೊಟ್ಟ ಹಿತ್ತಾಳೆ ಕೊಳದಪ್ಪಲೆ ಮಾತ್ರ ಹಸೆಮಣೆಯ ಪಕ್ಕದಲ್ಲೇ ಅರ್ಧ ಹೂತುಕೊಂಡು ಅವನ ಮಾನ ಕಳೆಯುತ್ತಿರುತ್ತದೆ. ಶಾಲೆಗೆ ದೊಡ್ಡ ಅಂಗಡಿಯವರೊಬ್ಬರು ತಮ್ಮ ಹೆಸರು ಬರೆಸಿ ಬೆಂಚು ಕೊಟ್ಟರು. ಪೇಂಟರು ಒಂದೊಂದು ಅಕ್ಷರ ಬರೆದಂತೆಲ್ಲ ಬೆಂಚು ಇಳಿಯಿತು. ಈಗ ಮಕ್ಕಳು ಅದನ್ನು ಚಾಪೆ ಎಂದು ತಿಳಿದು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಕೊಟ್ಟ ಮೇಲೂ ನಿಶ್ಚಿಂತೆ ಇಲ್ಲ. ನನ್ನ ಚಿಕ್ಕಮ್ಮ ತನ್ನ ವಾರಗಿತ್ತಿಗೆ ಕೊಟ್ಟ ರೇಷ್ಮೆ ಸೀರೆ ಗಾಳಿಪಟದ ಹಾಗಿತ್ತು. ಅದನ್ನುಟ್ಟ ವಾರಗಿತ್ತಿ ತನಗಿಂತ ಚೆನ್ನಾಗಿ ಕಾಣುತ್ತಾಳೆ ಎಂದು ಮೆರವಣಿಗೆಯ ನಡುವೆ ಚಿಕ್ಕಮ್ಮನಿಗೆ ಅನ್ನಿಸಿತು ನೋಡಿ, ಆ ಬಡಪಾಯಿ ನಿಂತಲ್ಲೇ ಧೊಪ್ಪನೆ ಕೂತುಬಿಟ್ಟಳು. ಹಿಡಿದೆತ್ತಿದರೂ ಏಳಲಿಲ್ಲ. ಸುತ್ತ ಚಾದರ ಹಿಡಿದು ಬೇರೆ ಸೀರೆ ಉಡಿಸಿಯೇ ಕರೆದುಕೊಂಡು ಬರಬೇಕಾಯಿತು.

ಇಂಥ ಊರಿನಲ್ಲಿ ಕಾರು ದಾನ ಮಾಡುತ್ತೇನೆಂದು ಹೊರಟವಳು ನಾನು.

ಕಾರು ಅನ್ನುವುದು ದೊಡ್ಡ ಮಾತಾಯಿತು. ದೋಸೆ ಹಿಟ್ಟು ರುಬ್ಬಿ ಹೋಟೆಲು, ಅಂಗಡಿಗಳಿಗೆ ಹಾಕುವುದು ನನ್ನ ಕಸುಬು. ಹಿಟ್ಟಿನ ಕ್ಯಾನುಗಳನ್ನು ಹೊತ್ತು ಹೊತ್ತು ಆ ಕಾರಿನ ಸೀಟಿನೊಳಗೆಲ್ಲ ಹುಳಿ ವಾಸನೆ ಇಳಿದು ಕೂತಿತ್ತು. ಊರೆಲ್ಲ ಅದನ್ನು ಹಿಟ್ಟಿನ ಕಾರು ಅನ್ನುತ್ತಿದ್ದರು. ನನ್ನ ಕಡೆಯ ಬಾಗಿಲಿಗೆ ಒಳಗಿನಿಂದ ಹಿಡಿ ಇರಲಿಲ್ಲ; ಗಾಜು ಇಳಿಸಿ, ಕೈ ಹೊರಗೆ ಹಾಕಿ, ಯಾರೋ ಬೇರೆಯವರ ಮನೆ ಬಾಗಿಲು ತೆರೆಯುವಂತೆ ತೆರೆಯಬೇಕಿತ್ತು. ವೈಪರು ಬಿಸಿಲಿದ್ದಾಗ ಮಾತ್ರ ಓಡುತ್ತಿತ್ತು. ಇಳಿಜಾರಿನಲ್ಲಿ ನಿಲ್ಲಿಸಿದರೆ ಹೊರಡುತ್ತಿತ್ತು, ಸಮತಟ್ಟಿನಲ್ಲಿ ನಿಲ್ಲಿಸಿದರೆ ನಾನೇ ತಳ್ಳಬೇಕಿತ್ತು. ಅದಕ್ಕೆ ನಾನು ಹಾಕಿದ ಶಾಪ ಒಂದೆರಡಲ್ಲ. ಅಂತೂ ಈಗ ಮನೆಗೆ ಲಗೇಜ್ ಆಟೋ ಬಂದಿತ್ತು. ನಮ್ಮ ಓಣಿಯಲ್ಲಿ ಎರಡು ಗಾಡಿ ನಿಲ್ಲಲು ಜಾಗವಿಲ್ಲ. ಈ ಕಾರು ಒಂದು ತೊಲಗಿದರೆ ಎಳ್ಳುನೀರು ಬಿಡುತ್ತೇನೆ ಎಂದು ದಿನಾ ಅನ್ನುತ್ತಿದ್ದೆ.

ಅದೇ ಹೊತ್ತಿಗೆ ಸಲೋಮಿ ಸಿಸ್ಟರ್ ಬಂದು ಕೇಳಿದರು. ದಿಬ್ಬದ ಮೇಲಿರುವ ಹೆರಿಗೆ ಮನೆಯನ್ನು ನೋಡಿಕೊಳ್ಳುವವರು ಅವರು. ಅದು ಪೂರಾ ಜನ ಕೊಟ್ಟದ್ದರಲ್ಲೇ ನಡೆಯುವ ಜಾಗ. ಹಾಗಾಗಿ ಅಲ್ಲಿ ಮಂಚದ ಕಾಲಿಗೆಲ್ಲ ಹಗ್ಗ, ನೆಲಕ್ಕೆಲ್ಲ ಗೂಟ. ಪುಣ್ಯಾತ್ಮರು ಕೊಟ್ಟ ಬೇಳೆ ಮೂಟೆ ಸೂರಿಗೆ ಅಂಟಿಕೊಂಡಿರುತ್ತದೆ. ಅಡುಗೆಯವಳು ಏಣಿ ಹತ್ತಿ ಸೇರಿನಲ್ಲಿ ಕೆಳಗಿನಿಂದ ಅಳೆದುಕೊಳ್ಳುತ್ತಾಳೆ. ಒಂದು ತೊಟ್ಟಿಲಂತೂ ಎಂಥ ಮನಸ್ಸಿನವರು ಕೊಟ್ಟರೋ, ಎಷ್ಟು ತೂಗಿದರೂ ಅಲುಗುವುದಿಲ್ಲ. "ಎಲ್ಲಾ ಇದೆ ಪದ್ದಮ್ಮ, ಕಾರೊಂದಿಲ್ಲ," ಎಂದರು ಸಿಸ್ಟರ್. "ಹೆರೋರನ್ನ ತಳ್ಳೋ ಗಾಡೀಲಿ ಕರ್ಕೊಂಡ್ಬರ್ತಿದ್ದಾರೆ, ಈರುಳ್ಳಿ ತಂದಂಗೆ. ನಮ್ಮ ದಿಬ್ಬದ ರಸ್ತೆ ನೀವು ನೋಡಿದ್ದೀರಲ್ಲ, ಗುಂಡಿ ಲೆಕ್ಕ ಹಾಕೋದಕ್ಕಿಂತ ರಸ್ತೆ ಎಲ್ಲಿದೆ ಅಂತ ಹುಡುಕೋದು ಸುಲಭ. ನಿಮ್ಮ ಎದುರು ಮನೆ ಮುಬೀನಾನ ನೆನೆಸಿಕೊಂಡ್ರೆ ನಂಗೆ ನಿದ್ದೆ ಬರಲ್ಲ."

ಮುಬೀನಾಳಿಗೆ ದಿನ ತುಂಬಿತ್ತು. ಹೋದ ಸಲ ಅವಳನ್ನು ತಳ್ಳುವ ಗಾಡಿಯಲ್ಲೇ ದಿಬ್ಬ ಹತ್ತಿಸಿದ್ದರು. ಕುಲುಕಿ ಕುಲುಕಿ, ದಾರಿಯಲ್ಲೇ ಎಲ್ಲಾ ಮುಗಿದು, ಬರಿಗೈಯಲ್ಲಿ ಇಳಿದು ಬಂದಿದ್ದಳು. ಈ ಸಲ ಒಂದು ಸಣ್ಣ ಕುಲುಕಾಟವೂ ಆಗಕೂಡದು ಎಂದು ಸಿಸ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ಅವಳ ಗಂಡ ಲಾರಿ ತೆಗೆದುಕೊಂಡು ಎಲ್ಲೋ ದೂರ ಹೋಗಿದ್ದ. ಮುಬೀನಾ ನಮ್ಮ ಕಾರಿನ ಪಕ್ಕ ಬಂದು ನಿಂತು ಕಿಟಕಿಯೊಳಗೆ ಮೂಗು ತೂರಿಸಿ ವಾಸನೆ ಎಳೆದುಕೊಳ್ಳುತ್ತಿದ್ದಳು. "ಪದ್ದಕ್ಕಾ, ಈ ಹುಳಿ ವಾಸ್ನೆಗೆ ಜೀವ ಬರುತ್ತೆ. ಇದರಲ್ಲೇ ಹೋಗ್ತೀನಿ, ನೀವು ಬೇಗ ಕೊಟ್ಬಿಡಿ. ಚೆನ್ನಾಗಿ ಕೊಡಿ ಮತ್ತೆ." ಚೆನ್ನಾಗಿ ಕೊಡದೆ ಏನು, ಎಂದೆ ನಾನು. ನನಗೆ ನನ್ನ ಮೇಲೆ ಅಷ್ಟು ನಂಬಿಕೆ.

ಭಯವಿದ್ದದ್ದು ನಮ್ಮ ಅತ್ತೆಯ ಮೇಲೆ. ಅತ್ತೆ ಪುಟ್ಟಗೌರಮ್ಮನವರ ಕೊಡುಗೈ ಊರಲ್ಲೇ ಹೆಸರುವಾಸಿ. ತಮ್ಮ ತಂಗಿಗೆ ಒಂದು ಸ್ಟೀಲ್ ಚೊಂಬು ಕೊಟ್ಟಿದ್ದರು. ಅದನ್ನು ತಂಗಿಯ ಮನೆಗೆ ಸಾಗಿಸಲು ಎತ್ತಿನ ಗಾಡಿ ಬೇಕಾಯಿತು. ಆದ್ದರಿಂದ ಬುಧವಾರ ಬೆಳಿಗ್ಗೆ ಧಾರೆಗೆ ಅಣಿಮಾಡುವಾಗ ನಮ್ಮ ಮನೆಯವರು ಅವರ ಅಮ್ಮನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಅಮ್ಮಾ, ನೀನು ಬೇರೆ ಏನಾದ್ರೂ ಯೋಚ್ನೆ ಮಾಡ್ತಿರು. ಕಾರಿನ ಕಡೆ ನೋಡ್ಲೇಬೇಡ." ಅತ್ತೆ ಸೆರಗು ಝಾಡಿಸಿದರು. "ಹೌದಪ್ಪಾ, ನಾನೊಬ್ಳೇ ಜುಗ್ಗಿ. ನೀನು ಕರ್ಣ. ಹೋಗು, ಹೂವಿನ ಹಾರ ತಂದ್ಯಾ ನೋಡು."

ಓಣಿಯ ಜನ ಎಲ್ಲ ಸೇರಿದ್ದರು. ಇಂಥದ್ದನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಸಿಸ್ಟರ್ ವಾಡಿಕೆಯಂತೆ ದಪ್ಪ ಹಗ್ಗ ತಂದು ಕಾರಿನ ಹಿಂದೆ ಕಟ್ಟಿ, ಇನ್ನೊಂದು ತುದಿಯನ್ನು ನಲ್ಲಿ ಕಟ್ಟೆಗೆ ಬಿಗಿದರು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟುಕೊಂಡೆ. ಅದರ ಮೇಲೆ ನಮ್ಮ ಮನೆಯವರು, ಅತ್ತೆ, ನಮ್ಮ ಮಗಳು ಹಂಸ ಕೈಯಿಟ್ಟರು. ಪಕ್ಕದ ಮನೆಯಾಕೆ ನೀರು ಎರೆದಳು. ನಾವು ನಾಲ್ವರೂ ಒಂದೇ ಉಸಿರಿಗೆ "ಕೊಟ್ವಿ" ಎಂದೆವು. ನಾನು ಎಲ್ಲರಿಗಿಂತ ಜೋರಾಗಿ ಅಂದೆ.

ಕಾರು ಒಮ್ಮೆ ನಿಟ್ಟುಸಿರು ಬಿಟ್ಟಿತು. ಆಮೇಲೆ ಎಮ್ಮೆ ಕೆಸರಿನಲ್ಲಿ ಕೂರುವ ಹಾಗೆ, ಆರಾಮಾಗಿ, ನಾಲ್ಕೂ ಗಾಲಿ ಮಣ್ಣಿನೊಳಗೆ ಇಳಿಸಿಕೊಂಡು ಕೂತುಬಿಟ್ಟಿತು. ಹೂವಿನ ಹಾರ ನೆಲ ಮುಟ್ಟಿತು.

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ಎಲ್ಲರ ಕಣ್ಣೂ ಅತ್ತೆಯ ಕಡೆ ತಿರುಗಿತು. "ನನ್ನೇನ್ ನೋಡ್ತೀರಿ?" ಎಂದರು ಅತ್ತೆ. "ನಂದೊಂದೇ ಆಗಿದ್ರೆ ಒಂದು ಗಾಲಿ ಇಳೀಬೇಕಿತ್ತು. ನಾಲ್ಕೂ ಇಳಿದಿವೆ. ಮನೇಲಿ ನಾಲ್ಕು ಜನ. ಲೆಕ್ಕ ಹಾಕ್ಕೊಳ್ಳಿ." ಅದು ಸರಿಯಾದ ಮಾತೇ. ಮುಬೀನಾ ಮಾತ್ರ ನಗಲಿಲ್ಲ. ನಲ್ಲಿ ಕಟ್ಟೆಯ ಮೇಲೆ ಕೂತವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹೂತ ಗಾಲಿಗಳನ್ನೇ ನೋಡುತ್ತಿದ್ದಳು.

ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಮಾಡುವುದು ಮನಸ್ಸು ಬಿಡಿಸುವ ಶಾಸ್ತ್ರ. ಕೊಟ್ಟವರು ಒಬ್ಬೊಬ್ಬರಾಗಿ ಆ ವಸ್ತುವಿನ ಹತ್ತಿರ ಹೋಗಿ, ಏನು ಋಣವಿದೆಯೋ ಹೇಳಿಕೊಂಡು ಬರಬೇಕು. ಆ ಹೊತ್ತಿನಲ್ಲಿ ಅವರನ್ನು ಬೇರೆಯವರು ಮಾತಾಡಿಸುವ ಹಾಗಿಲ್ಲ. ಮೊದಲು ಹಂಸ ಹೋದಳು. ಐದನೇ ಕ್ಲಾಸಿನ ಹುಡುಗಿ. ಹಿಂದಿನ ಸೀಟಿನಲ್ಲಿ ಕ್ಯಾನುಗಳ ಸಂದಿನಲ್ಲಿ ಕೂತು ಸ್ಕೂಲಿಗೆ ಹೋದವಳು. "ಸೀಟಿನ ಕೆಳಗೆ ಅಂಟಿಸಿರೋ ಬಬಲ್‌ಗಮ್ಮೂ ನಿಂಗೇ," ಅಂದಳು ಅಷ್ಟೇ. ಹಿಂದಿನ ಬಲಗಾಲಿ ಠಪ್ಪನೆ ಮಣ್ಣಿನಿಂದ ಎದ್ದು ಗಾಳಿಯಲ್ಲಿ ನಿಂತಿತು. ಮಕ್ಕಳಿಗೆ ಕೊಡುವುದು ಎಷ್ಟು ಸುಲಭ.

ನಮ್ಮ ಮನೆಯವರದ್ದು ಸ್ವಲ್ಪ ತಡವಾಯಿತು. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಅವರಿಗಿದ್ದ ಹುಚ್ಚು ಹಾರ್ನ್. ಅದು ಹಸಿದ ಕರುವಿನ ಹಾಗೆ ಕೂಗುತ್ತಿತ್ತು. ಮುಂದಿನ ಸೀಟು ಅತ್ತೆಯದಾದ್ದರಿಂದ ಅವರು ಹಿಂದೆ ಕೂತು, ನನ್ನ ಭುಜದ ಮೇಲಿಂದ ಕೈ ಚಾಚಿ ಹಾರ್ನ್ ಒತ್ತುತ್ತಿದ್ದರು. ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಒತ್ತುತ್ತಿದ್ದರು. ಈಗ ಒಳಗೆ ಹೋಗಿ ಕೊನೆಯ ಸಲ ಅಂತ ಒಂದು ಒತ್ತಿದರು, ಕೊನೆಯದು ಅಂತ ಇನ್ನೊಂದು, ಇದು ನಿಜವಾಗಿ ಕೊನೆಯದು ಅಂತ ಮತ್ತೊಂದು. "ಲೋಕೇಶಪ್ಪಾ, ಸಾಕು, ಹಸು ಬಂದ್ಬಿಡುತ್ತೆ!" ಎಂದು ಶಾಸ್ತ್ರ ಮರೆತು ಯಾರೋ ಕೂಗಿದರು. ಕಣ್ಣೊರೆಸಿಕೊಂಡು ಇಳಿದರು. ಹಿಂದಿನ ಎಡಗಾಲಿಯೂ ಎದ್ದಿತು. ಕಾರು ಮೂಗು ನೆಲಕ್ಕೆ ಊರಿ, ಹಿಂಭಾಗ ಮೇಲೆತ್ತಿ, ನಮಾಜೋ ನಮಸ್ಕಾರವೋ ಮಾಡುವಂತೆ ನಿಂತಿತು.

ಅತ್ತೆ ಮುಂದಿನ ಸೀಟಿನಲ್ಲಿ ಹೋಗಿ ಕೂತರು. ಕಿಟಕಿಯ ಮೇಲೆ ಮೊಣಕೈಯಿಟ್ಟು ಬೀದಿಯನ್ನೊಮ್ಮೆ ದರ್ಬಾರಿನ ಕಣ್ಣಿನಿಂದ ನೋಡಿದರು. "ಈ ಸೀಟಲ್ಲಿ ಕೂತು ಹೋದ್ರೆ ನಮ್ಮ ತಂಗಿ ಮನೇಲಿ ಕಾಫಿಗೆ ಸಕ್ರೆ ಜಾಸ್ತಿ ಹಾಕ್ತಿದ್ರು," ಎಂದರು ಕಾರಿಗೆ. "ಬಸ್ಸಲ್ಲಿ ಹೋದ್ರೆ ನೀರು ಕಾಫಿ. ಹೋಗ್ಲಿ ಬಿಡು. ಬಸುರೀರು ಕೂತ್ಕೊಳ್ಲಿ. ಅವರಿಗೂ ಒಂದಿನ ಸಕ್ರೆ ಬೀಳ್ಲಿ." ಇಳಿದು ಬಾಗಿಲನ್ನು ಮೆತ್ತಗೆ ಹಾಕಿದರು. ಮುಂದಿನ ಎಡಗಾಲಿ ಎದ್ದ ರಭಸಕ್ಕೆ ಹಾರ ಹರಿದು ಹೂವೆಲ್ಲ ಚೆಲ್ಲಿತು. ಓಣಿಯವರು ಚಪ್ಪಾಳೆ ತಟ್ಟಿದರು. ಪುಟ್ಟಗೌರಮ್ಮ ಕೊಟ್ಟದ್ದು ಮೇಲೆದ್ದದ್ದನ್ನು ಅವರ ಜೀವಮಾನದಲ್ಲೇ ಯಾರೂ ಕಂಡಿರಲಿಲ್ಲ.

ಈಗ ನೆಲದಲ್ಲಿದ್ದದ್ದು ಒಂದೇ ಗಾಲಿ. ಮುಂದಿನದು, ಬಲಗಡೆಯದು, ಡ್ರೈವರ್ ಕೆಳಗಿನದು. ಅದು ಬುಡಮಟ್ಟ ಹೂತಿತ್ತು.

"ಅಯ್ಯೋ!" ಎಂದರು ಅತ್ತೆ, ಬಾಯಿ ತುಂಬ ಸಂತೋಷದಿಂದ. "ಯಾರಮ್ಮಾ ಅದು?"

ನನಗೆ ಮೈಯೆಲ್ಲ ಬೆಂಕಿ. "ಅದು ಗಾಲೀನೇ ಕೆಟ್ಟಿರ್ಬೇಕು," ಎಂದೆ. ಯಾರೂ ನಂಬಲಿಲ್ಲ. ಆ ದರಿದ್ರ ಕಾರಿನಲ್ಲಿ ನನಗೆ ಬೇಕಾದದ್ದು ಏನಿತ್ತು? ತಳ್ಳಿ ತಳ್ಳಿ ಸೊಂಟ ಹೋದವಳು ನಾನು. ಒದೆಯಲೇ ಎಂದು ಹೋದೆ. ಆದರೆ ಶಾಸ್ತ್ರ ಶಾಸ್ತ್ರವೇ. ಬಾಗಿಲು ತೆರೆದು ಓರೆಯಾಗಿ ಒಳಗೆ ಕೂತು, ಗಾಜು ಏರಿಸಿಕೊಂಡೆ.

ಗಾಜು ಏರಿದ್ದೇ ತಡ, ಹೊರಗಿನ ಗದ್ದಲ ನಿಂತುಹೋಯಿತು. ಅತ್ತೆಯ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹಂಸ "ಅಮ್ಮಾ" ಅನ್ನುತ್ತಿದ್ದದ್ದು ತುಟಿಯಲ್ಲಿ ಕಾಣುತ್ತಿತ್ತು, ಅಷ್ಟೇ. ಆಗ ನನಗೆ ನೀರಿನ ಟ್ಯಾಂಕಿನ ಹತ್ತಿರದ ಹೊಂಗೆ ಮರ ನೆನಪಾಯಿತು. ಹಿಟ್ಟೆಲ್ಲ ಹಾಕಿ ಮುಗಿಸಿ, ಮನೆಗೆ ಬಂದು ಅಡುಗೆಗೆ ನಿಲ್ಲುವ ಮೊದಲು, ಆ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಹೀಗೇ ಗಾಜು ಏರಿಸಿ ಕೂರುತ್ತಿದ್ದೆ. ಯಾಕೆ ತಡ ಎಂದರೆ ಇಂಜಿನ್ನು ತಣ್ಣಗಾಗಬೇಕು ಅನ್ನುತ್ತಿದ್ದೆ. ಖಾರದ ಕಡಲೆಕಾಯಿ ಬೀಜದ ಪೊಟ್ಟಣ ಬಿಚ್ಚಿ ಒಂದೊಂದಾಗಿ, ಯಾರಿಗೂ ಅರ್ಧ ಕೊಡದೆ, ತಿನ್ನುತ್ತಿದ್ದೆ. ತಿಂದಾದ ಮೇಲೆ ಕೈ ಕಟ್ಟಿಕೊಂಡು ಸುಮ್ಮನೆ ಎದುರಿನ ಗೋಡೆ ನೋಡುತ್ತಿದ್ದೆ. ಲಗೇಜ್ ಆಟೋಗೆ ಬಾಗಿಲೂ ಇಲ್ಲ, ಗಾಜೂ ಇಲ್ಲ. ಅದರಲ್ಲಿ ಕೂತವಳನ್ನು ದಾರಿಹೋಕರೆಲ್ಲ ಮಾತಾಡಿಸುತ್ತಾರೆ. ಓಹೋ, ಇದಾ ಸಮಾಚಾರ, ಅಂದುಕೊಂಡೆ. ಅಂದುಕೊಂಡು, ಕಾರಿಗೆ ನಾಲ್ಕು ಮಾತು ಹೇಳೋಣವೆಂದು ತಲೆ ಹಿಂದಕ್ಕೆ ಒರಗಿಸಿದೆ. ಆ ಹುಳಿ ವಾಸನೆ, ಆ ಬಿಸುಪು, ಆ ಮೌನ.

ಎಷ್ಟು ಹೊತ್ತು ನಿದ್ದೆ ಹೋದೆನೋ ಗೊತ್ತಿಲ್ಲ. ಓಣಿಯ ಜನ ಸುತ್ತ ನಿಂತು ಕಾದರಂತೆ. ಎಷ್ಟು ದೊಡ್ಡ ಋಣವಪ್ಪಾ ಈಕೆಯದು ಎಂದು ಕೆಲವರು ಕೈ ಮುಗಿದರಂತೆ. ನನ್ನ ಗೊರಕೆ ಹೊರಗೆ ಕೇಳಿದಾಗ, ಅಳುತ್ತಿದ್ದಾಳೆ ಎಂದು ನಮ್ಮ ಮನೆಯವರು ಸಮಜಾಯಿಷಿ ಹೇಳಿದರಂತೆ.

ಗಾಜಿನ ಮೇಲೆ ಬಳೆಗಳ ಸದ್ದಾಗಿ ಎಚ್ಚರವಾಯಿತು. ಮುಬೀನಾ. ಮುಖ ಬಿಳುಚಿತ್ತು, ಹಣೆಯಲ್ಲಿ ಬೆವರಿನ ಸಾಲು. ಗಾಜು ಇಳಿಸಿದೆ. "ಪದ್ದಕ್ಕಾ," ಎಂದಳು ಹಲ್ಲು ಕಚ್ಚಿಕೊಂಡು, "ನೀವು ಆಮೇಲೆ ಮಲಗಿ. ನಂಗೆ ಶುರುವಾಗಿದೆ. ಶಾಸ್ತ್ರದಲ್ಲಿದ್ದಾರೆ ಏಳಿಸ್ಬೇಡ ಅಂತ ಇವ್ರೆಲ್ಲ ತಡೀತಿದ್ದಾರೆ. ನನ್ನ ಮಗೂಗೆ ಶಾಸ್ತ್ರ ಗೊತ್ತಿಲ್ಲ."

ಆ ತಳ್ಳುವ ಗಾಡಿ ಕಣ್ಣ ಮುಂದೆ ಬಂತು. "ತಗೋ ತಾಯಿ, ತಗೋ!" ಎಂದೆ. "ಪೂರಾ ತಗೋ! ನಂಗೇನೂ ಬೇಡ, ಹೊಂಗೆ ಮರವೂ ಬೇಡ, ಕಡಲೆಕಾಯಿಯೂ ಬೇಡ!"

ನನ್ನ ಗಾಲಿ ಮಣ್ಣಿನಿಂದ ಕಿತ್ತುಬಂದ ಶಬ್ದ ಆಚೆ ಬೀದಿಗೂ ಕೇಳಿಸಿತಂತೆ. ಕಾರು, ಒಳಗೆ ನನ್ನನ್ನೂ ಕೂರಿಸಿಕೊಂಡು, ಸೊಯ್ಯನೆ ಮೇಲೆದ್ದಿತು. ನಮ್ಮ ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆ ಪಕ್ಕಕ್ಕೆ ಬಂತು. ಅತ್ತೆ ಒಣಗಿಸಿದ್ದ ಹಪ್ಪಳ ಕಂಡಿತು, ಕಾಗೆ ತಿನ್ನುತ್ತಿದ್ದದ್ದೂ ಕಂಡಿತು. ಹಗ್ಗ ಬಿಗಿಯಾಗಿ ನಲ್ಲಿ ಕಟ್ಟೆಯ ಕಲ್ಲು ಕಿತ್ತುಬಂತು. ಅತ್ತೆ ಓಡಿಬಂದು ಹಗ್ಗ ಹಿಡಿದರು, ಅತ್ತೆಯನ್ನು ನಮ್ಮ ಮನೆಯವರು ಹಿಡಿದರು, ಅವರನ್ನು ಹಂಸ ಹಿಡಿದಳು. "ಕೆಳಗಿಳಿಯೇ!" ಎಂದು ಕೂಗಿದರು ಅತ್ತೆ, ಕಾಲು ನೆಲ ಬಿಟ್ಟಿತ್ತು. "ಹೇಗೆ ಇಳೀಲಿ ಅತ್ತೆ? ಕೊಟ್ಟಾಯ್ತಲ್ಲ!" ಎಂದೆ ನಾನು ಕಿಟಕಿಯಿಂದ ತಲೆ ಹೊರಹಾಕಿ. "ಕಾಗೆ ಹಪ್ಪಳ ತಿಂತಿದೆ!"

ಸಿಸ್ಟರ್ ಕೈ ಬೀಸುತ್ತ ಕೂಗಿದರು: "ಪೂರಾ ಕೊಡ್ಬೇಡ್ರೀ! ಎಲ್ರೂ ಸ್ವಲ್ಪ ಸ್ವಲ್ಪ ಆಸೆ ಇಟ್ಕೊಳ್ಳಿ! ಕಾರು ಕೇಳಿದ್ದು, ವಿಮಾನ ಅಲ್ಲ!"

ಕೊಟ್ಟದ್ದಕ್ಕೆ ಆಸೆ ಪಡಿ ಎಂದು ನಮ್ಮೂರಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಎಲ್ಲರೂ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ನಮ್ಮ ಮನೆಯವರು ನಾಚಿಕೆ ಬಿಟ್ಟು ಕೂಗಿದರು: "ಹಾರ್ನ್ ನಂದು! ಭಾನುವಾರ ಬಂದು ಒಂದ್ಸಲ ಒತ್ತೀನಿ!" ಹಿಂದಿನ ಎಡಗಡೆ ಒಂದು ಮಾರು ಇಳಿಯಿತು. ಅತ್ತೆ ಬಿಡುತ್ತಾರೆಯೇ? "ಗೌರಿ ಹಬ್ಬಕ್ಕೆ ತಂಗಿ ಮನೆಗೆ ಮುಂದಿನ ಸೀಟು! ಹೋಗ್ತಾನೂ, ಬರ್ತಾನೂ!" ಮುಂದಿನ ಎಡಗಡೆ ಎಷ್ಟು ರಭಸದಿಂದ ಇಳಿಯಿತೆಂದರೆ ಸಿಸ್ಟರ್ ಕಿರುಚಿದರು, "ಅಷ್ಟೊಂದು ಬೇಡ ಗೌರಮ್ಮಾ, ಹೋಗ್ತಾ ಮಾತ್ರ ಸಾಕು!" "ಸರಿ, ಬರ್ತಾ ಬಸ್ಸು," ಎಂದು ಅತ್ತೆ ಒಪ್ಪಿಕೊಂಡರು. ಹಂಸ ತುಂಬಾ ಯೋಚಿಸಿ, "ಬಬಲ್‌ಗಮ್ ವಾಪಸ್," ಎಂದಳು.

ಉಳಿದದ್ದು ನನ್ನ ಮೂಲೆ. ಕಾರು ಬಲಕ್ಕೆ ಎದ್ದು ವಾಲಿಕೊಂಡಿತ್ತು, ಕೆಳಗೆ ಮುಬೀನಾ ಸಿಸ್ಟರ್ ಭುಜ ಕಚ್ಚಿ ಹಿಡಿದು ನಿಂತಿದ್ದಳು. "ಹೇಳಿ ಪದ್ದಮ್ಮ, ಏನ್ ಬೇಕು ನಿಮಗೆ?" ಎಂದು ಸಿಸ್ಟರ್ ಕೂಗಿದರು. ಇಡೀ ಓಣಿ ತಲೆಯೆತ್ತಿ ನನ್ನ ಬಾಯಿಯನ್ನೇ ನೋಡುತ್ತಿತ್ತು. ಮದುವೆಯಾದಾಗಿನಿಂದ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿದ ನೆನಪಿಲ್ಲ, ಅದೂ ಇಷ್ಟು ಎತ್ತರದಲ್ಲಿ. "ನಂಗೆ ಸ್ವಲ್ಪ ಹೊತ್ತು," ಎಂದೆ. "ಜೋರಾಗಿ!" ಎಂದರು. "ನಂಗೆ ದಿನಕ್ಕೆ ಸ್ವಲ್ಪ ಹೊತ್ತು ಯಾರೂ ಮಾತಾಡಿಸ್ಬಾರ್ದು! ಗಾಜು ಹಾಕ್ಕೊಂಡು ಕೂತ್ಕೋಬೇಕು! ಒಬ್ಳೇ!"

ಕಾರು ನೀರಿಗಿಳಿಯುವ ಬಾತುಕೋಳಿಯ ಹಾಗೆ ಇಳಿದು ಬಂತು.

"ಅಷ್ಟೇನಾ?" ಎಂದರು ಅತ್ತೆ ಹಗ್ಗ ಬಿಟ್ಟು ಏದುಸಿರು ಬಿಡುತ್ತ. "ಬಾಯಿಬಿಟ್ಟು ಹೇಳಿದ್ರೆ ನಾವೇನು ಬೇಡ ಅಂತಿದ್ವಾ? ಕೂತ್ಕೋ, ಯಾರ್ ಮಾತಾಡಿಸ್ತಾರೆ! ಅಂದ್ಹಾಗೆ ಒಲೆ ಮೇಲಿನ ಹಾಲು ಇಳಿಸಿದ್ಯಾ?"

ಸಿಸ್ಟರ್ ಮುಬೀನಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಾವೂ ಹತ್ತಿದರು. ಭಾರ ತೂಗಿಸಲು ಅತ್ತೆಯನ್ನು ಮುಂದೆ ಕೂರಿಸಿಕೊಂಡೆವು; ಅವರು ಬೇಡ ಅನ್ನಲಿಲ್ಲ. ನಾನು ಇಳಿಯಲು ಕಿಟಕಿಯಿಂದ ಕೈ ಹೊರಹಾಕಿದೆ. "ಎಲ್ಲಿಗೆ?" ಎಂದರು ಸಿಸ್ಟರ್. "ಇನ್ನು ನಿಮ್ಮ ಡ್ರೈವರು ಬರ್ಲಿ," ಎಂದೆ. ಅವರು ನನ್ನ ಮುಖ ನೋಡಿದರು. "ನಮ್ಮಲ್ಲಿ ಕಾರು ಓಡಿಸೋರು ಯಾರಿದ್ದಾರೆ? ಡ್ರೈವರನ್ನ ದಾನ ಕೇಳೋಕಾಗುತ್ತಾ ಪದ್ದಮ್ಮ? ಹಾರಿಹೋದ್ರೆ ಯಾರು ಹುಡುಕ್ತಾರೆ!" ಹಿಂದಿನಿಂದ ಮುಬೀನಾ ನನ್ನ ಜಡೆ ಹಿಡಿದೆಳೆದಳು. "ಮಾತು ಸಾಕು, ನಡೀರಿ!"

ಹೊರಟೆವು. ಗಾಲಿ ರಸ್ತೆಯನ್ನು ಮುಟ್ಟಿಯೂ ಮುಟ್ಟದ ಹಾಗೆ, ನವಿಲುಗರಿಯಿಂದ ಸವರಿದ ಹಾಗೆ ಓಡಿತು. ನಿಲ್ಲಿಸಲು ಬ್ರೇಕು ಹತ್ತುತ್ತಿರಲಿಲ್ಲ. ಅದಕ್ಕೆ ನಮ್ಮ ಮನೆಯವರು ಸೈಕಲ್ಲಿನ ಮೇಲೆ ಕೂತು ಹಿಂದಿನಿಂದ ಹಗ್ಗ ಹಿಡಿದುಕೊಂಡರು, ಹಂಸ ಕ್ಯಾರಿಯರ್ ಮೇಲೆ. "ನಿಲ್ಲಿಸಿ" ಅಂದರೆ ಅವರು ಸೈಕಲ್ ಬ್ರೇಕು ಹಿಡಿಯಬೇಕು. ಕಲ್ಲಂಗಡಿ ಮಾರುವವನ ರಾಶಿಯ ಮುಂದೆ ಹಿಡಿದದ್ದು ಸ್ವಲ್ಪ ತಡವಾಯಿತು. ಅವನು ಬೈದದ್ದು ಚೆನ್ನಾಗಿ ಕೇಳಿಸಿತು.

ದಿಬ್ಬದ ಬುಡದಲ್ಲಿ ಮೊದಲನೇ ಗುಂಡಿ ಬಂತು. ಕಾರು ಅದರ ಮೇಲೆ ಜೇನುಹುಳದ ಹಾಗೆ ತೇಲಿಹೋಯಿತು. ಎರಡನೆಯದೂ ಹೋಯಿತು. "ಸಿಸ್ಟರ್, ಗುಂಡಿ ಬಂತಾ?" ಎಂದಳು ಮುಬೀನಾ. "ಬಂದು ಹೋಯ್ತು ಕಣಮ್ಮ." "ಗೊತ್ತೇ ಆಗ್ಲಿಲ್ಲ!" ನೋವಿನ ನಡುವೆಯೇ ಅವಳಿಗೆ ನಗು ಬಂತು, ನಗುವಿನ ನಡುವೆ ನೋವು ಬಂದು ಇನ್ನಷ್ಟು ಜೋರಾಗಿ ಜಡೆ ಎಳೆದಳು.

ಕಷ್ಟವಿದ್ದದ್ದು ನಮ್ಮ ಮನಸ್ಸುಗಳದ್ದು. ಬೀದಿಯ ಜನ ಬಾಯಿ ಬಿಟ್ಟು ನೋಡುತ್ತಿದ್ದದ್ದು ಕಂಡು ಅತ್ತೆ ಮೊಣಕೈಯನ್ನು ಕಿಟಕಿಯ ಮೇಲಿಟ್ಟರೋ ಇಲ್ಲವೋ, ಎಡಗಡೆ ಕುಸಿಯಿತು. "ಅತ್ತೆ, ಜಂಬ ಇಳಿಸಿ!" ಎಂದು ಕಿರುಚಿದೆ. ಅವರು ಕೈ ಒಳಗೆಳೆದುಕೊಂಡು ರಾಮ ರಾಮ ಎಂದರು. ಹಿಂದಿನಿಂದ ನಮ್ಮ ಮನೆಯವರು, "ಪದ್ದೂ, ಹಾರ್ನ್ ಹೊಡಿಯೇ, ಕೋಳಿ ಇದೆ!" ಎಂದರು. ಹೊಡೆದೆ. ಆ ಸದ್ದಿಗೆ ಅವರ ಕರುಳು ಚುರ್ರೆಂದಿರಬೇಕು, ಹಿಂದಿನ ಗಾಲಿ ತಗ್ಗಿತು. "ಹೊಡೀಬೇಡ, ಹೊಡೀಬೇಡ!" ಎಂದು ಅವರೇ ಕೂಗಿದರು. ಕೋಳಿ ತಾನೇ ದಾರಿ ಬಿಟ್ಟಿತು. ನನ್ನ ಸರದಿಯೂ ಬಂತು. ದಿಬ್ಬದ ನಡುವೆ ಒಂದು ದೊಡ್ಡ ನೆರಳಿನ ಮರ. ಇಲ್ಲಿ ನಿಲ್ಲಿಸಿ ಕೂತರೆ ಹೇಗಿರುತ್ತದೆ ಎಂದು ಒಂದೇ ಒಂದು ಯೋಚನೆ ಸುಳಿಯಿತು. ಬಲಗಾಲಿ ಕಲ್ಲಿಗೆ ಕುಟ್ಟಿ ಕಾರು ನಡುಗಿತು. "ಅಕ್ಕಾ!" ಮುಬೀನಾ ಚೀರಿದಳು. "ಏನ್ ಯೋಚ್ನೆ ಮಾಡ್ತಿದ್ದೀರಾ!" ಮುಂದಿನ ಗುಂಡಿ ಬಾವಿಯಂಥದ್ದು, ಎರಡು ಮಾರು ದೂರದಲ್ಲಿ. ಮರದ ಕಡೆಯಿಂದ ಕಣ್ಣು ಕಿತ್ತು, ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಹೋದ ಸಲ ತಲೆ ತಗ್ಗಿಸಿಕೊಂಡು ಇದೇ ದಾರಿಯಲ್ಲಿ ಇಳಿದು ಬಂದ ಮುಖ. ನೋಡುತ್ತಲೇ ಇದ್ದೆ. ದಾರಿ ನೋಡಲಿಲ್ಲ. ಆ ಬಾವಿ ಯಾವಾಗ ದಾಟಿತೋ ನನಗೆ ಈಗಲೂ ಗೊತ್ತಿಲ್ಲ.

ಹೆರಿಗೆ ಮನೆಯ ಅಂಗಳದಲ್ಲಿ ಸೈಕಲ್ ಬ್ರೇಕು ಕಿರ್ರೆಂದಿತು. ಮುಬೀನಾಳನ್ನು ಎತ್ತಿಕೊಂಡು ಹೋದರು. ನಾವು ಜಗಲಿಯ ಮೇಲೆ ಕೂತೆವು. ಅತ್ತೆ ತುಟಿ ಅಲ್ಲಾಡಿಸುತ್ತ ಯಾವುದೋ ದೇವರಿಗೆ ಏನೋ ಹರಕೆ ಹೊತ್ತರು. ಹೊತ್ತ ಮೇಲೆ ಸ್ವಲ್ಪ ಕಡಿಮೆ ಮಾಡಿಕೊಂಡರೆಂದೂ ಕಾಣುತ್ತದೆ, ಬೆರಳು ಮಡಿಸಿ ಬಿಚ್ಚುತ್ತಿದ್ದರು. ನಮ್ಮ ಮನೆಯವರು ಅಂಗೈಯ ಹಗ್ಗದ ಗಾಯಕ್ಕೆ ಊದಿಕೊಳ್ಳುತ್ತಿದ್ದರು. ಹಂಸ ನನ್ನ ತೊಡೆಗೆ ಒರಗಿದ್ದಳು. ಯಾರೂ ಮಾತಾಡಲಿಲ್ಲ. ಬೇಕು ಬೇಕೆಂದು ಕೂಗಿ ಕೇಳಿದ್ದ ಮೌನ ಇದೇ ಇರಬೇಕು; ನನಗೆ ಅದು ಒಂದು ನಿಮಿಷವೂ ಸಹ್ಯವಾಗಲಿಲ್ಲ. ಯಾರಾದರೂ ಏನಾದರೂ ಅನ್ನಲಿ, ಹಾಲು ಉಕ್ಕಿಹೋಯಿತು ಎಂದಾದರೂ ಅನ್ನಲಿ ಎಂದು ಕಾದೆ.

ಅಂದದ್ದು ಬೇರೆಯೇ ಗಂಟಲು. ಒಳಗಿನಿಂದ ಒಂದು ಕೂಗು ಬಂತು. ಸಣ್ಣದು, ಬಹಳ ಸಿಟ್ಟಿನದು. ನಮ್ಮ ಮನೆಯವರು ಎದ್ದು ನಿಂತರು. "ಹಾರ್ನ್!" ಎಂದರು, ಕಣ್ಣಲ್ಲಿ ನೀರು. ಅತ್ತೆ ಅವರ ಬೆನ್ನಿಗೊಂದು ಗುದ್ದಿದರು, ಆಮೇಲೆ ಅದೇ ಬೆನ್ನಿಗೆ ಮುಖವಿಟ್ಟು ಅತ್ತರು. ಸಿಸ್ಟರ್ ಬಟ್ಟೆಯಲ್ಲಿ ಸುತ್ತಿದ ಹೆಣ್ಣು ಮಗುವನ್ನು ತಂದು ನನ್ನ ಕೈಯಲ್ಲಿಟ್ಟರು. ಅಭ್ಯಾಸ ಬಲದಿಂದ ನಾನು ತೂಕ ನೋಡಿದೆ. ಹಾರಲೂ ಇಲ್ಲ, ಕೈ ಜಗ್ಗಲೂ ಇಲ್ಲ. ಮಗುವಿನಷ್ಟೇ ಇತ್ತು. ಒಳಗಿನಿಂದ ಮುಬೀನಾ ಕೂಗುತ್ತಿದ್ದಳು: "ಪದ್ದಕ್ಕಂಗೆ ಹೇಳಿ, ವಾಪಸ್ ಹೋಗ್ತಾನೂ ಅವ್ರೇ ಓಡಿಸ್ಬೇಕು! ಆದ್ರೆ ಮಲಗಿ ಎದ್ದು ಬರ್ಲಿ!"

ಅತ್ತೆ ಮಗುವನ್ನು ಕಿತ್ತುಕೊಂಡರು. ಹಂಸ ತನಗೂ ಬೇಕೆಂದು ಹಟ ಹಿಡಿದಳು. ಆ ಗದ್ದಲದಲ್ಲಿ ನನ್ನನ್ನು ಯಾರೂ ಗಮನಿಸಲಿಲ್ಲ. ಮೆಲ್ಲಗೆ ಅಂಗಳಕ್ಕೆ ಇಳಿದು, ಕಾರಿನೊಳಗೆ ಕೂತು, ಗಾಜು ಏರಿಸಿದೆ. ಈಗ ಆ ಮೌನ ಸಕ್ಕರೆಯಂತಿತ್ತು. ಕಾರೂ ಮೆತ್ತಗೆ, ಅಂಗುಲ ಅಂಗುಲವಾಗಿ, ಅಂಗಳದ ಮಣ್ಣಿನೊಳಗೆ ಕೂರತೊಡಗಿತು. ಕೂತುಕೋ, ಎಂದೆ. ಯಾರು ಕೇಳುತ್ತಾರೆ. ಕಣ್ಣು ಮುಚ್ಚಿದೆ.

ಗಾಜಿನ ಸಂದಿಗೆ ಬಾಯಿಟ್ಟ ಸಿಸ್ಟರ್ ಧ್ವನಿ ಕೇಳಿಸಿತು, ಮಾತಾಡಿಸಲೋ ಬೇಡವೋ ಎನ್ನುವ ಪಿಸುದನಿ. "ಪದ್ದಮ್ಮ... ತಪ್ಪು ತಿಳೀಬೇಡಿ... ಕುಂಬಾರ ಕೇರಿಯಿಂದ ಓಡ್ಕೊಂಡು ಬಂದಿದ್ದಾರೆ. ಚೊಚ್ಚಲು. ತಳ್ಳೋ ಗಾಡಿ ಹತ್ತಿಸ್ಲಾ ಅಂತ ಕೇಳ್ತಿದ್ದಾರೆ."

ಇನ್ನೊಂದು ಗಳಿಗೆ, ಎಂದು ಹೇಳಲು ಬಾಯಿ ತೆರೆದೆ. ನಾನಿನ್ನೂ ಕಣ್ಣು ಬಿಟ್ಟಿರಲಿಲ್ಲ, ಕಾರು ಆಗಲೇ ಎದ್ದಿತ್ತು.